ಸಮಾಜವಿಜ್ಞಾನದ ಅಧ್ಯಾಪಕಶಿಕ್ಷಣ: ಪಾಠಕ್ರಮದ ಪರಿಷ್ಕರಣವನ್ನು ಕುರಿತು ಒಂದು ವಿಚಾರ

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರ ತಾರತಮ್ಯವನ್ನು ನಿರ್ಣಯಿಸಬೇಕಾಗಿ ಬಂದಾಗ, ಆಚಾರ್ಯರನ್ನು ಕುಣಿಸದೆ ಶಿಷ್ಯೆಯ ಪ್ರಯೋಗವನ್ನೇ ಪರೀಕ್ಷೆಗೆ ಒಡ್ಡಿದುದು ವಾಚಕರಿಗೆ ತಿಳಿದ ವಿಷಯವೇ ಸರಿ. ವಿದ್ಯೆಯನ್ನು ಪಡೆಯುವ ಶಕ್ತಿಯೊಂದು, ಅದನ್ನು ಪರರಲ್ಲಿ ನೆಲೆಗೊಳಿಸುವ ಶಕ್ತಿ ಮತ್ತೊಂದು. ಈ ಎರಡನೆಯದನ್ನು ಉಂಟುಮಾಡುವುದಕ್ಕಾಗಿಯೇ ಬಿ.ಎಡ್. ಎಂಬ ಶಿಕ್ಷಣವು ಏರ್ಪಟ್ಟಿದೆ. ಪ್ರೌಢಶಾಲೆಯ ಸಮಾಜವಿಜ್ಞಾನದ ಅಧ್ಯಾಪಕರಿಗೆ ವಿಶ್ವವಿದ್ಯಾನಿಲಯವು ಕೊಡತಕ್ಕ ಈ ಶಿಕ್ಷಣವನ್ನು ಯಾವ ದಿಕ್ಕಿನಲ್ಲಿ ಪರಿಷ್ಕರಿಸಬೇಕೆಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಿದರ್ಶನಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವವೃತ್ತಾಂತ. ಚರಿತ್ರೆ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರಗಳನ್ನು ಒಂದಾಗಿ ಬೋಧಿಸಬೇಕೆಂದು ೧೯೫೨-೫೩ರ ಮಾಧ್ಯಮಿಕ ಶಿಕ್ಷಣ ಆಯೋಗವು ಸೂಚಿಸಿತು. ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೨೦೦೪ರಲ್ಲಿ. ರಾಷ್ಟ್ರೀಯ ಅಧ್ಯಾಪಕಶಿಕ್ಷಣ ಪರಿಷತ್ತಿನ ೨೦೧೪ರ ನಿಯಮಗಳಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಇದ್ದು ಕಲಿಯುವ ಕಾಲವು ಒಟ್ಟು ೨೦ ವಾರಗಳಿಗೆ ಏರಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿಯೊಡನೆ ಬೆಸೆದ ನಾಲ್ಕು ವರ್ಷಗಳ ಕ್ರಮವನ್ನು ೨೦೩೦ರೊಳಗೆ ಗುರಿಯಾಗಿ ಇಟ್ಟಿತು. ಹೀಗೆ ಚರ್ಚೆಯೆಲ್ಲವೂ ಕಾಲದ ಪರಿಮಾಣವನ್ನು ಕುರಿತೇ ನಡೆದಿದೆ. ಆದರೆ ಪಾತ್ರೆ ದೊಡ್ಡದಾದ ಮಾತ್ರಕ್ಕೆ ಪಾಕವು ಪಕ್ವವಾಗದು.

ಶಾಸ್ತ್ರಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ನಮ್ಮ ಪೂರ್ವಿಕರ ಪದ್ಧತಿ. ಅದರಂತೆ ನೋಡಿದರೆ ಪ್ರಕೃತ ಕ್ರಮದ ಕೊರತೆಯು ಸ್ಪಷ್ಟವಾಗುವುದು. ಅಧಿಕಾರಿಯು ಬಿ.ಎ. ತರಗತಿಯಲ್ಲಿ ಸಾಮಾನ್ಯವಾಗಿ ಮೂರು ಐಚ್ಛಿಕ ವಿಷಯಗಳನ್ನು ಓದಿ ಬಂದವನು. ಅವನು ಬೋಧಿಸಬೇಕಾದ ವಿಷಯಗಳಾದರೋ ಆರು: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ನಮ್ಮ ರಾಜ್ಯದ ಪ್ರೌಢಶಾಲಾ ಪಠ್ಯಪುಸ್ತಕವು ಈ ಆರು ವಿಭಾಗಗಳಾಗಿಯೇ ಇದೆ. ಪ್ರಯೋಜನವು ವಿವೇಕಿಯಾದ ಪೌರನ ನಿರ್ಮಾಣ. ಇಷ್ಟು ನಿಚ್ಚಳ. ಆರಕ್ಕೂ ಪರಸ್ಪರ ಸಂಬಂಧವೇನು, ಮೀಮಾಂಸಕರು ಹೇಳುವ ಏಕವಾಕ್ಯತೆಯು ಎಲ್ಲಿ ಸಿದ್ಧಿಸುವುದು ಎಂಬ ಪ್ರಶ್ನೆಗೆ ಮಾತ್ರ ಉತ್ತರವು ಪುಸ್ತಕದಲ್ಲಿ ದೊರೆಯದು; ಅದನ್ನು ಅಧ್ಯಾಪಕನೇ ಕಲ್ಪಿಸಿಕೊಡಬೇಕು. ಅದನ್ನು ಅವನಿಗೆ ಕಲಿಸುವುದೇ ಪರಿಷ್ಕರಣದ ಮೊದಲ ಕಾರ್ಯ.

ಏಕವಾಕ್ಯತೆಯು ಒಂದು ಸ್ಥಳದಲ್ಲಿ ಸಿದ್ಧಿಸುವುದೆಂದು ನಮ್ಮ ಅಭಿಪ್ರಾಯ. ಹೇಗೆಂದರೆ, ತುಮಕೂರಿಗೆ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿ ಕಾವೇರಿಯನ್ನು ಸೇರುವುದು. ಅದೇ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಾಭಿಮುಖವಾಗಿ ಹರಿದು ಪಿನಾಕಿನಿಯನ್ನು ಸೇರುವುದು. ಎರಡು ಜಲಾನಯನಗಳ ನೆತ್ತಿಯನ್ನು ಬಾಲಕರು ಅಲ್ಲಿ ಕಣ್ಣಾರೆ ಕಾಣಬಹುದು: ಇದು ಭೂಗೋಳ. ಕೆರೆಯನ್ನು ಯಾರು ಯಾವಾಗ ಕಟ್ಟಿಸಿದರೆಂಬುದು ಇತಿಹಾಸ. ತೂಬಿನ ಮಗ್ಗುಲ ಗದ್ದೆ ಯಾರದು, ಕೊನೆಯ ಗದ್ದೆ ಯಾರದು ಎಂಬುದು ಸಮಾಜಶಾಸ್ತ್ರ. ತೆಂಗು, ಅಡಕೆ, ರಾಗಿಗಳ ಬೆಳೆಯ ಆಯ್ಕೆ ಅರ್ಥಶಾಸ್ತ್ರ. ಅವುಗಳ ಕ್ರಯವಿಕ್ರಯ ವ್ಯವಹಾರ. ನೀರನ್ನು ಬಿಡುವ ಅಧಿಕಾರ ಯಾರದೆಂಬುದು ರಾಜ್ಯಶಾಸ್ತ್ರ. ಒಂದು ನದಿಯನ್ನು ಹಿಡಿದು ನಡೆದರೆ ಆರು ಶಾಸ್ತ್ರಗಳೂ ಜತೆಯಲ್ಲಿ ನಡೆದುಬರುವುವು.

ಎರಡನೆಯದು ಪ್ರಮಾಣವಿವೇಕ. ತುಮಕೂರು ತಾಲ್ಲೂಕಿನ ಕೈದಾಳದಲ್ಲಿ ಜಕಣಾಚಾರಿಯ ಕಡಿದ ಕೈ ಮರಳಿ ಬಂದಿತೆಂಬ ಕಥೆಯನ್ನು ಅರಿಯದ ಹುಡುಗನಿಲ್ಲ. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯು ಸುಮಾರು ೧೧೫೦ರಲ್ಲಿ ಅಲ್ಲಿ ದೇವಾಲಯಗಳನ್ನು ಕಟ್ಟಿಸಿದನೆಂದು ಶಾಸನದಿಂದ ತಿಳಿಯುವುದು. ಶಿಲ್ಪಿಯ ಕಥೆಯು ಅದರಲ್ಲಿಲ್ಲ. ಹಾಗೆಂದು ಕಥೆಯನ್ನು ಹಳಿಯಬೇಕಾಗಿಲ್ಲ. ಅದು ಐತಿಹ್ಯ, ಇದು ಲಿಖಿತ. ಜನರು ಏನನ್ನು ನಂಬಿದರೆಂಬುದಕ್ಕೆ ಅದು ಪ್ರಮಾಣ, ಏನು ನಡೆಯಿತೆಂಬುದಕ್ಕೆ ಇದು. ಶಾಸನಗಳ ಪಾಠವು ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಸಂಪುಟದಲ್ಲಿ ೧೯೦೪ರಿಂದಲೂ ಮುದ್ರಿತವಾಗಿದೆ. ಆ ಸಂಪುಟವನ್ನು ಒಮ್ಮೆಯಾದರೂ ಬಿಡಿಸಿ ನೋಡದೆ ಬಿ.ಎಡ್. ಮುಗಿಸಲು ಆಸ್ಪದವಿರಬಾರದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಅತ್ಯವಶ್ಯವಾದದ್ದು ಕೂಡ: ವಾದಶಿಕ್ಷಣ. ಹೇಮಾವತಿಯ ನೀರನ್ನು ಗುಬ್ಬಿಯ ಕಡೆಯಿಂದ ಕುಣಿಗಲ್ಲಿಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಸಂಪರ್ಕ ಕಾಲುವೆಯ ವಿಷಯದಲ್ಲಿ ೨೦೨೪-೨೫ರಲ್ಲಿ ತೀವ್ರವಾದ ವಿವಾದವೆದ್ದಿತು. ತಮ್ಮ ಪಾಲು ಕುಗ್ಗುವುದೆಂದು ಗುಬ್ಬಿಯ ರೈತರ ಅಳಲು. ಹಂಚಿಕೆಯಾದ ನೀರು ಕಾಲುವೆಯ ತುದಿಯವರೆಗೆ ಬಾರದೆಂದು ಕುಣಿಗಲ್ಲಿನವರ ಅಳಲು. ಒಂದೇ ಪಠ್ಯವನ್ನು ಓದುವ ಎರಡು ಊರುಗಳ ಮಕ್ಕಳು ಮನೆಯಲ್ಲಿ ಎರಡು ಬಗೆಯ ಮಾತನ್ನು ಕೇಳಿ ಶಾಲೆಗೆ ಬರುವರು. ಅಧ್ಯಾಪಕನು ಇಂತಹ ಪ್ರಶ್ನೆಯನ್ನು ಮುಚ್ಚಿಟ್ಟರೆ ಪೌರನೀತಿಯು ಬಾಯಿಪಾಠವಾಗುವುದು. ಪಕ್ಷ ಹಿಡಿದರೆ ತರಗತಿಯು ಒಡೆಯುವುದು. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಎದುರಾಳಿಯು ‘ಅಹುದು, ನನ್ನ ಮತವಿದೇ’ ಎಂದು ಒಪ್ಪುವಂತೆ ಪೂರ್ವಪಕ್ಷವನ್ನು ಹೇಳಿದ ಹೊರತು ಸಿದ್ಧಾಂತವನ್ನು ಆಡಗೊಡುತ್ತಿರಲಿಲ್ಲ. ಗುಬ್ಬಿಯ ಬಾಲಕನು ಕುಣಿಗಲ್ಲಿನ ಪಕ್ಷವನ್ನೂ ಕುಣಿಗಲ್ಲಿನ ಬಾಲಕಿಯು ಗುಬ್ಬಿಯ ಪಕ್ಷವನ್ನೂ ಹಾಗೆ ನಿರೂಪಿಸಬಲ್ಲರಾದರೆ, ವಿತಂಡವು ತೊಲಗಿ ವಾದವು ಉಳಿಯುವುದು.

ಇದಕ್ಕೆಲ್ಲ ಸಮಯವೆಲ್ಲಿ, ಪರೀಕ್ಷೆಯ ಅಂಕಗಳ ಗತಿಯೇನು ಎಂಬ ಆಕ್ಷೇಪವುಂಟು. ಹೊಸ ಪತ್ರಿಕೆಗಳನ್ನು ಸೇರಿಸೆಂದು ನಾವು ಹೇಳುತ್ತಿಲ್ಲ. ಈಗಿರುವ ೨೦ ವಾರಗಳಲ್ಲಿ ಒಂದು ವಾರವನ್ನು ನದಿಯ ದಡದಲ್ಲಿಯೂ ಶಾಸನದ ಮುಂದೆಯೂ ಕಳೆದು, ಅಲ್ಲಿ ಸಿದ್ಧಗೊಳಿಸಿದ ಪಾಠವನ್ನು ಉಳಿದ ವಾರಗಳಲ್ಲಿ ಬೋಧಿಸಿದರೆ ಸಾಕು. ಸ್ಥಳಜ್ಞಾನವು ದೃಷ್ಟಿಯನ್ನು ಸಂಕುಚಿತಗೊಳಿಸುವುದೆಂಬುದೂ ನಿಲ್ಲದು; ಶಿಂಷೆಯ ಹಂಚಿಕೆಯನ್ನು ತೂಗಿ ನೋಡಲು ಕಲಿತವನಿಗೆ ಕಾವೇರಿಯ ವ್ಯಾಜ್ಯವೂ ನೈಲಿನ ವ್ಯಾಜ್ಯವೂ ಅರ್ಥವಾಗುವುವು.

ಇನ್ನು ಪರೀಕ್ಷೆ. ಶಿಕ್ಷಣಾರ್ಥಿಯ ಪಾಠಯೋಜನೆಯ ಹಾಳೆಗಳನ್ನು ಎಣಿಸುವುದನ್ನು ಬಿಟ್ಟು, ಅವನ ಪಾಠವನ್ನು ಕೇಳಿದ ಮಕ್ಕಳು ಏನನ್ನು ಪ್ರಶ್ನಿಸಬಲ್ಲರೆಂಬುದನ್ನು ಪರೀಕ್ಷಕರು ನೋಡತಕ್ಕದ್ದು. ಗಣದಾಸನ ಯೋಗ್ಯತೆಯು ಮಾಲವಿಕೆಯ ಪ್ರಯೋಗದಲ್ಲಿಯೇ ತಿಳಿದುಬಂದಿತಷ್ಟೆ.