ಶಬ್ದದಿಂದ ಅಂಕಿಗೆ: ಮೈಕ್ರೊಫೋನನ್ನು ಜೋಡಿಸುವುದು ಹೇಗೆ?

ಮಂಗಳೂರಿನ ಅತ್ತಾವರದಲ್ಲಿ ಕೆ.ಎಂ.ಸಿ. ಆಸ್ಪತ್ರೆ ಇದೆ, ಸಮೀಪದಲ್ಲೇ ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ನಿಶ್ಶಬ್ದ ವಲಯದಲ್ಲಿ ಸರಾಸರಿ ಶಬ್ದಮಟ್ಟ ಹಗಲು 50, ರಾತ್ರಿ 40 ಡೆಸಿಬೆಲ್ ಮೀರಬಾರದು. ಇಂಥ ಪರಿಸರದ ಗದ್ದಲವನ್ನು ಶಾಲೆಯ ಉಪಕರಣದಿಂದ ಅಳೆಯಬಹುದೇ? ಆರ್ಡುಯಿನೊ ಊನೊ ಬೋರ್ಡಿಗೆ ಮೈಕ್ರೊಫೋನ್ ಜೋಡಿಸಿ ನೋಡೋಣ.

ಈ ಬೋರ್ಡು 0ಯಿಂದ 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಒಂದು ಮೆಟ್ಟಿಲಿನ ಎತ್ತರ ಸುಮಾರು 4.9 ಮಿಲಿವೋಲ್ಟ್. ಸಾಮಾನ್ಯ ಎಲೆಕ್ಟ್ರೆಟ್ ಮೈಕ್ರೊಫೋನು 94 ಡೆಸಿಬೆಲ್ ಶಬ್ದಕ್ಕೆ, ಅಂದರೆ 1 ಪಾಸ್ಕಲ್ ಒತ್ತಡಕ್ಕೆ, ಸುಮಾರು 8 ಮಿಲಿವೋಲ್ಟ್ ಕೊಡುತ್ತದೆ. 50 ಡೆಸಿಬೆಲ್‌ನಲ್ಲಿ ಇದು 0.05 ಮಿಲಿವೋಲ್ಟಿಗೆ ಇಳಿಯುತ್ತದೆ. ಮೊದಲ ಮೆಟ್ಟಿಲನ್ನೂ ಏರಲಾಗದ ಈ ಸಂಕೇತವನ್ನು ಬೋರ್ಡು ಗುರುತಿಸಲಾರದು. ಆದ್ದರಿಂದ ವರ್ಧಕ ಬೇಕೇ ಬೇಕು.

ಮೊದಲು 5 ವೋಲ್ಟಿನಿಂದ 2.2 ಕಿಲೋಓಮ್ ರೋಧಕದ ಮೂಲಕ ಮೈಕ್ರೊಫೋನಿಗೆ ವಿದ್ಯುತ್ ಕೊಡಿ. ಸಂಕೇತವನ್ನು 1 ಮೈಕ್ರೊಫ್ಯಾರಡ್ ಕೆಪ್ಯಾಸಿಟರಿನ ಮೂಲಕ ಆಪ್-ಆಂಪಿಗೆ ಕಳಿಸಿ. ಕೆಪ್ಯಾಸಿಟರು ಸ್ಥಿರ ವೋಲ್ಟೇಜನ್ನು ತಡೆದು, ಏರಿಳಿತವನ್ನಷ್ಟೇ ಬಿಡುತ್ತದೆ. ಆದರೆ ಏರಿಳಿತದಲ್ಲಿ ಋಣ ಭಾಗವೂ ಉಂಟು. ಋಣ ವೋಲ್ಟೇಜು ಬೋರ್ಡಿಗೆ ಹಾನಿಕರ. ಎರಡು ಸಮಾನ ರೋಧಕಗಳಿಂದ 2.5 ವೋಲ್ಟ್ ಪಡೆದು ಸಂಕೇತವನ್ನು ಅದರ ಮೇಲೆ ಕೂರಿಸಿದರೆ ಈ ತೊಂದರೆ ಇಲ್ಲ. ಪ್ರಯೋಗಾಲಯದಲ್ಲಿ ಪರಿಚಿತವಾದ 741 ಒಂಟಿ 5 ವೋಲ್ಟಿಗೆ ಹೊಂದದು. ಕಡಿಮೆ ವೋಲ್ಟೇಜಿಗೆಂದೇ ತಯಾರಾದ ಆಪ್-ಆಂಪನ್ನು ಆರಿಸಿಕೊಳ್ಳಿ.

ವರ್ಧನೆ ಎಷ್ಟಿರಬೇಕು? ಎರಡು ಹಂತಗಳಲ್ಲಿ ಒಟ್ಟು 1,000 ಪಟ್ಟು ವರ್ಧಿಸಿದರೆ 50 ಡೆಸಿಬೆಲ್ ಶಬ್ದ 50 ಮಿಲಿವೋಲ್ಟ್, ಅಂದರೆ ಸುಮಾರು 10 ಮೆಟ್ಟಿಲು ಆಗುತ್ತದೆ. ಆದರೆ 80 ಡೆಸಿಬೆಲ್ ಮೀರಿದೊಡನೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹಾರ್ನಿನ ಶಬ್ದ ಅಳೆಯಲು ವರ್ಧನೆಯನ್ನು 100ಕ್ಕೆ ಇಳಿಸಬೇಕು.

ಇನ್ನೊಂದು ಎಚ್ಚರಿಕೆ. ಬೋರ್ಡು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 9,600 ಸಲ ವೋಲ್ಟೇಜನ್ನು ಓದುತ್ತದೆ. ಇದರ ಅರ್ಧಕ್ಕಿಂತ, ಅಂದರೆ 4,800 ಹರ್ಟ್ಸ್‌ಗಿಂತ, ಹೆಚ್ಚಿನ ಆವೃತ್ತಿಗಳು ವೇಷ ಬದಲಿಸಿಕೊಳ್ಳುತ್ತವೆ: 6,000 ಹರ್ಟ್ಸ್ ನಾದ 3,600 ಹರ್ಟ್ಸ್ ಆಗಿ ಕಾಣುತ್ತದೆ. ಒಮ್ಮೆ ಅಂಕಿಯಾದ ಮೇಲೆ ಇದನ್ನು ಬೇರ್ಪಡಿಸಲಾಗದು. ಬೋರ್ಡಿನ ಮುಂದೆಯೇ 4.7 ಕಿಲೋಓಮ್ ರೋಧಕ, 10 ನ್ಯಾನೊಫ್ಯಾರಡ್ ಕೆಪ್ಯಾಸಿಟರುಗಳ ಸೋಸುಮಂಡಲ ಇಟ್ಟರೆ ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನವು ಕ್ರಮೇಣ ತಗ್ಗುತ್ತವೆ.

ಬಂದ ಅಂಕಿಗಳಿಂದ ಅವುಗಳ ಸರಾಸರಿಯನ್ನು ಕಳೆದು, ಉಳಿದುದರ ವರ್ಗಗಳ ಸರಾಸರಿಯ ವರ್ಗಮೂಲ ತೆಗೆಯಿರಿ. ಇದು ಇಮ್ಮಡಿಯಾದರೆ ಶಬ್ದಮಟ್ಟ 6 ಡೆಸಿಬೆಲ್ ಏರಿದೆಯೆಂದು ಅರ್ಥ.

ಹಾಗಾದರೆ ಇದು ನಿಯಮದ 50 ಡೆಸಿಬೆಲ್‌ಗೆ ಸಾಕ್ಷಿಯೇ? ಅಲ್ಲ. ನಿಯಮದ ಮಾಪನದಲ್ಲಿ ಕಿವಿಯ ಸಂವೇದನೆಗೆ ತಕ್ಕಂತೆ ಆವೃತ್ತಿಗಳಿಗೆ ತೂಕ ಕೊಡಲಾಗುತ್ತದೆ. ನಮ್ಮ ಮಂಡಲದಲ್ಲಿ ಅದಿಲ್ಲ. ಪ್ರಮಾಣಿತ ಶಬ್ದಮಾಪಕದೊಂದಿಗೆ ಹೋಲಿಸಿ ಸರಿಹೊಂದಿಸುವವರೆಗೆ ನಮ್ಮ ಅಂಕಿ ಹೋಲಿಕೆಗಷ್ಟೇ ಯೋಗ್ಯ. ಆದರೂ ಬೆಳಿಗ್ಗೆಗಿಂತ ಸಂಜೆ ಗದ್ದಲ ಎಷ್ಟು ಹೆಚ್ಚು, ಗೇಟಿನ ಬಳಿ ಎಷ್ಟು, ಮುಚ್ಚಿದ ಕಿಟಕಿಯ ಒಳಗೆ ಎಷ್ಟು ಎಂಬುದನ್ನು ಅದು ಹೇಳಬಲ್ಲದು. ನಿಮ್ಮ ಶಾಲೆಯ ಸುತ್ತ ಒಂದು ವಾರ ಅಳೆದು ನಕ್ಷೆ ಬರೆಯಿರಿ.