ಮಂಗಳೂರಿನ ಗುಡ್ಡದ ಮೇಲೊಂದು ಚಿತ್ರಗಳ ಚಾಪೆಲ್

ಮಂಗಳೂರಿನ ಹಂಪನಕಟ್ಟೆಯ ಗದ್ದಲ ದಾಟಿ ಲೈಟ್‌ಹೌಸ್ ಹಿಲ್ ರಸ್ತೆಯ ಏರು ಹತ್ತಿದರೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಆವರಣ ಸಿಗುತ್ತದೆ. ಅಲ್ಲಿನ ಚಾಪೆಲ್‌ಗೆ ಹೊರಗಿನಿಂದ ಹೇಳಿಕೊಳ್ಳುವಂಥ ಆಡಂಬರವಿಲ್ಲ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲವೂ ಚಿತ್ರ. ಇಷ್ಟನ್ನೂ ಬರೆದವರು ಇಟಲಿಯ ಒಬ್ಬ ಜೆಸ್ವಿಟ್ ಬ್ರದರ್, ಆಂಟೋನಿಯೊ ಮೊಸ್ಕೇನಿ.

ಮೊಸ್ಕೇನಿ ಹುಟ್ಟಿದ್ದು 1854ರಲ್ಲಿ, ಬೆರ್ಗಾಮೊ ಪಟ್ಟಣದ ಪಕ್ಕದ ಸ್ಟೆಜ್ಜಾನೊ ಎಂಬ ಊರಿನಲ್ಲಿ. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಚಿತ್ರಕಾರನಾಗಿ ಕೈ ಪಳಗಿದ ಮೇಲೆ 1889ರಲ್ಲಿ ಜೆಸ್ವಿಟ್ ಸಭೆ ಸೇರಿದರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ಎರಡು ವರ್ಷದೊಳಗೆ ಕಾಲೇಜು ಶುರುವಾಯಿತು, ಅದೇ ದಶಕದಲ್ಲಿ ಚಾಪೆಲ್ ಎದ್ದಿತು. ಅದರ ಗೋಡೆಗಳಿಗೆ ಬಣ್ಣ ಬಂದದ್ದು 1899ರಿಂದ 1901ರ ನಡುವೆ, ಮೊಸ್ಕೇನಿಯವರ ಕೈಯಿಂದ.

ಗೋಡೆಯ ಚಿತ್ರಗಳು ಫ್ರೆಸ್ಕೊ ಪದ್ಧತಿಯವು. ಸುಣ್ಣದ ಗಾರೆ ಹಸಿಯಿರುವಾಗಲೇ, ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಗಾರೆ ಆರುತ್ತ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ, ಬಣ್ಣ ಅದರೊಳಗೇ ಸೇರಿಹೋಗುತ್ತದೆ. ಆದ್ದರಿಂದ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಒಂದು ಮುಖ ಸರಿಬರಲಿಲ್ಲವೆಂದರೆ ಅಷ್ಟು ಭಾಗವನ್ನು ಕೆತ್ತಿ ತೆಗೆದು ಹೊಸದಾಗಿ ಶುರುಮಾಡಬೇಕು. ಮಳೆಗಾಲದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಕರಾವಳಿಯಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ಆ ಮನುಷ್ಯನ ತಾಳ್ಮೆಗೆ ನಾನು ಮೊದಲು ಕೈಮುಗಿಯುತ್ತೇನೆ, ಕಲೆಯ ಮಾತು ಆಮೇಲೆ. ಚಾವಣಿಯ ಚಿತ್ರಗಳು ಬೇರೆ ಬಗೆಯವು, ಕ್ಯಾನ್ವಾಸ್ ಮೇಲಿನ ತೈಲವರ್ಣ.

ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಬದುಕಿದೆ. 1568ರಲ್ಲಿ ಉತ್ತರ ಇಟಲಿಯ ಸಿರಿವಂತ ಮನೆತನದಲ್ಲಿ ಹುಟ್ಟಿದ ಹಿರಿಮಗ, ಆಸ್ತಿಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟರಲ್ಲಿಗೆ ಹೋದ. ರೋಮ್‌ನಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತು, ತಾನೂ ಕಾಯಿಲೆಬಿದ್ದು 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ಮೂರು ವರ್ಷ, ಇವತ್ತಿನ ಲೆಕ್ಕದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸು.

ಆ ಪ್ಲೇಗಿನ ಚಿತ್ರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತ್ತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡಿದ್ದ ಕಾಲ ಅದು. ಮೊಸ್ಕೇನಿ ಕುಂಚ ಹಿಡಿದದ್ದು ಅದೇ ಹೊತ್ತಿನಲ್ಲಿ. ಆ ದಿನ ಕತ್ತೆತ್ತಿ ನೋಡಿದ ವಿದ್ಯಾರ್ಥಿಗೆ ರೋಗಿಯ ಬಳಿ ಹೋಗುವ ಆ ಹುಡುಗ ಮುನ್ನೂರು ವರ್ಷ ಹಿಂದಿನ ಕಥೆಯಾಗಿ ಕಂಡಿರಲಾರ.

ಚಾವಣಿಯ ಇಳಿಜಾರಿನಲ್ಲಿ ಅಪೊಸ್ತಲರು, ಕಮಾನುಗಳಲ್ಲಿ ಸಂತರು, ಗೋಡೆಯ ಮೇಲೆ ಯೇಸುವಿನ ಜನನ, ದೀಕ್ಷಾಸ್ನಾನ, ಕಾನಾ ಊರಿನ ಮದುವೆ ಮುಂತಾದ ಪ್ರಸಂಗಗಳು. ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲೇ ನಡೆಯುತ್ತಿದ್ದ ದಿನಗಳವು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು ಆಡುತ್ತ ಬೆಳೆದ ಮಕ್ಕಳಿಗೆ ಮಂತ್ರ ತಿಳಿಯದಿದ್ದರೂ ಚಿತ್ರ ತಿಳಿಯುತ್ತಿತ್ತು. 1960ರ ದಶಕದ ಎರಡನೇ ವ್ಯಾಟಿಕನ್ ಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. ಆಮೇಲೂ ಇಲ್ಲಿ ಚಿತ್ರಗಳಿಗೆ ಕೆಲಸ ಕಡಿಮೆಯಾಗಿಲ್ಲ. ಪರೀಕ್ಷೆಯ ಬೆಳಿಗ್ಗೆ ಪುಸ್ತಕ ಹಿಡಿದೇ ಬಂದು ಎರಡು ನಿಮಿಷ ಕೂರುವ ಮಕ್ಕಳಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಇದನ್ನು ಮ್ಯೂಸಿಯಂ ಎಂದು ಪ್ರವಾಸಿಗರಿಗೆ ಪರಿಚಯಿಸುವುದು ನನಗೆ ಒಪ್ಪಿಗೆಯಿಲ್ಲ. ಮ್ಯೂಸಿಯಂನಲ್ಲಿ ಚಿತ್ರದ ಮುಂದೆ ಯಾರೂ ಮಂಡಿಯೂರುವುದಿಲ್ಲ.

ಆದರೆ ಬಳಕೆಯಲ್ಲಿರುವ ಕಟ್ಟಡಕ್ಕೆ ಸವೆತವೂ ಇದೆ. ಮಳೆಯ ತೇವ ಗೋಡೆಗಿಳಿದು ಚಿತ್ರಗಳು ಮಂಕಾಗಿದ್ದವು. 1990ರ ದಶಕದ ಮೊದಲಲ್ಲಿ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳ ಸಂರಕ್ಷಣೆ ಕೈಗೊಂಡರು. ಇಂಥ ಗೋಡೆಗಳ ಆರೈಕೆ ಒಮ್ಮೆಗೆ ಮುಗಿಯುವುದಲ್ಲ, ಪ್ರತಿ ಮಳೆಗಾಲವೂ ಅವಕ್ಕೊಂದು ಪರೀಕ್ಷೆಯೇ.

ಮೊಸ್ಕೇನಿ ಇಲ್ಲಿಗೇ ನಿಲ್ಲಲಿಲ್ಲ. ಮಂಗಳೂರಿನದೇ ಜೆಪ್ಪುವಿನ ಸಂತ ಜೋಸೆಫ್ ಸೆಮಿನರಿಯ ಚಾಪೆಲ್, ಮುಂಬಯಿಯ ಹೋಲಿ ನೇಮ್ ಚರ್ಚ್, ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾಗಳಲ್ಲೂ ಬರೆದರು. ಕೊಚ್ಚಿಯ ಆ ಚರ್ಚಿನ ಪ್ರತಿಷ್ಠಾಪನೆ ನಡೆದದ್ದು 1905ರ ನವೆಂಬರ್ 19ರಂದು. ಚಿತ್ರಕಾರ ಅದಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡಿದ್ದರು.

ಚಾಪೆಲ್ ನೋಡಲು ಹೋಗುವವರು ಪೂಜೆಯ ವೇಳೆ ಬಿಟ್ಟು ಹೋಗುವುದು ಒಳ್ಳೆಯದು. ಸಂತ ಅಲೋಶಿಯಸರ ಹಬ್ಬ ಜೂನ್ 21ಕ್ಕೆ, ಜಡಿಮಳೆಯ ದಿನಗಳಲ್ಲಿ. ಚಿತ್ರಗಳನ್ನು ಬಿಡಿಸಿ ನೋಡಬೇಕೆಂದರೆ ಮಳೆ ಕಳೆದ ಮೇಲೆ, ಒಳ್ಳೆಯ ಬೆಳಕಿರುವ ದಿನ ಹೋಗಿ. ಗೋಡೆಗೆ ಮಾತ್ರ ಕೈತಾಗಿಸಬೇಡಿ.