ಹದಿನಾರು ಪಿನ್ನುಗಳಲ್ಲಿ ಜೀವ ಎಷ್ಟಕ್ಕಿದೆ?

ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ ಹದಿನಾರು ಪಿನ್ನಿನ ಸಾಕೆಟ್ ಸಿಗುತ್ತದೆ. ಅದೇ ಕಾರಿನ ದೋಷಗಳನ್ನು ಓದಲು ಇರುವ ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರ ಮಾದರಿಗಳಿಂದ ಇದು ಕಡ್ಡಾಯ. ಯಾವ ಕಂಪನಿಯ ಕಾರಾದರೂ ಆಕಾರ ಒಂದೇ. ಇದಕ್ಕೆ ಲ್ಯಾಪ್‌ಟಾಪ್ ಜೋಡಿಸುವ ಕೇಬಲ್ ಕೊಳ್ಳುವವರು ಎಡವುವುದೂ ಇಲ್ಲಿಯೇ: ಸಾಕೆಟ್ಟಿಗೆ ಕೂತಿತೆಂದರೆ ಕಾರಿನ ಜೊತೆ ಮಾತಾಡಿತೆಂದೇ ಲೆಕ್ಕ ಹಾಕುತ್ತಾರೆ.

ಫೋರ್ಡ್ ಕಾರುಗಳನ್ನೇ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸರ್ವಿಸ್ ಮುಂದುವರಿಯುತ್ತದೆ ಎಂದು ಹೇಳಿತಾದರೂ ಇಕೋಸ್ಪೋರ್ಟ್, ಫಿಗೊ ಇಟ್ಟುಕೊಂಡವರಿಗೆ ಕಾರಿನ ದೋಷ ಓದಲು ಲ್ಯಾಪ್‌ಟಾಪಿನಲ್ಲಿ ಓಡುವ ಫೋರ್‌ಸ್ಕ್ಯಾನ್ ತಂತ್ರಾಂಶ ಒಳ್ಳೆಯ ಆಸರೆ. ಆದರೆ ಫೋರ್ಡ್‌ನ ಹಲವು ಮಾದರಿಗಳಲ್ಲಿ ಮಾತು ಎರಡು ಜೋಡಿ ತಂತಿಗಳಲ್ಲಿ ಹರಿಯುತ್ತದೆ. ಎಂಜಿನ್, ಬ್ರೇಕಿನ ಸುದ್ದಿ 6 ಮತ್ತು 14ನೇ ಪಿನ್ನಿನಲ್ಲಿ, ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ. ಎಸಿ, ಆಡಿಯೊದಂಥವುಗಳದ್ದು 3 ಮತ್ತು 11ರಲ್ಲಿ, 125ರ ವೇಗದಲ್ಲಿ. ಸಾಮಾನ್ಯ ಕೇಬಲ್ ಮೊದಲ ಜೋಡಿಯನ್ನಷ್ಟೇ ಮುಟ್ಟುತ್ತದೆ. ಉಳಿದ ಅರ್ಧ ಕಾರು ಪರದೆಯ ಮೇಲೆ ಇಲ್ಲವೇ ಇಲ್ಲ! ಹಾಗಾಗಿ ಎರಡರ ನಡುವೆ ಬದಲಾಯಿಸುವ ಪುಟ್ಟ ಸ್ವಿಚ್ ಇರುವ ಕೇಬಲ್, ಅಥವಾ ತಾನಾಗಿ ಬದಲಾಯಿಸಿಕೊಳ್ಳುವ ಒಬಿಡಿಲಿಂಕ್ ಇಎಕ್ಸ್‌ನಂಥದ್ದು ಬೇಕು.

ಫೋಕ್ಸ್‌ವ್ಯಾಗನ್ ಬಳಗದಲ್ಲಿ ಕಥೆ ಬೇರೆ. ಕೆಕೆಎಲ್ ಎಂಬ ಅಗ್ಗದ ಕೇಬಲ್ 7ನೇ ಪಿನ್ನಿನ ಕೆ-ಲೈನ್ ಎಂಬ ಹಳೆಯ ಒಂಟಿ ತಂತಿಯ ಮಾತನ್ನಷ್ಟೇ ಬಲ್ಲದು. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾಕ್ಕೆ ಸಾಕು, 2010ರಲ್ಲಿ ಭಾರತಕ್ಕೆ ಬಂದ ಪೋಲೊಗೆ ಸಾಲದು.

ಇನ್ನು ಕಾರಿನ ಮಾತನ್ನು ಲ್ಯಾಪ್‌ಟಾಪಿಗೆ ತಿಳಿಸುವ, ಕೇಬಲ್ ಒಳಗಿನ ಚಿಪ್ಪು. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ತನ್ನ ಎಲ್ಮ್327 ಚಿಪ್ಪಿನ ಮೊದಲ ಆವೃತ್ತಿಗೆ ನಕಲು ತಡೆ ಹಾಕಿರಲಿಲ್ಲ; ಮಾರುಕಟ್ಟೆ ತುಂಬ ನಕಲು ಹರಡಿತು. ಆವೃತ್ತಿ ಸಂಖ್ಯೆ ಜೋರಾಗಿ ಹೇಳಿಕೊಳ್ಳುವ ಕೆಲವು ನಕಲುಗಳಿಗೆ ಅರ್ಧ ಆದೇಶಗಳೇ ತಿಳಿಯವು. ಯುಎಸ್‌ಬಿ ಕಡೆಯ ಚಿಪ್ಪಿನದ್ದೂ ಇದೇ ಹಾಡು: 2014ರ ಅಕ್ಟೋಬರ್‌ನಲ್ಲಿ ಆ ಚಿಪ್ಪು ತಯಾರಿಸುವ ಎಫ್‌ಟಿಡಿಐ ಕಂಪನಿಯ, ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಡ್ರೈವರ್, ನಕಲು ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೇಬಲ್‌ಗಳನ್ನು ಮೂಲೆಗೆ ಕೂರಿಸಿತ್ತು.

ಚೆಕ್ ಎಂಜಿನ್ ದೀಪದ ಕೋಡ್ ಓದುವುದಷ್ಟೇ ಕೆಲಸವಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ಲೂಟೂತ್ ಅಡಾಪ್ಟರೂ ನಡೆಯುತ್ತದೆ. ಕಾರಿನ ಮಾಡ್ಯೂಲ್‌ಗೆ, ಅಂದರೆ ಒಳಗಿನ ಪುಟ್ಟ ಕಂಪ್ಯೂಟರಿಗೆ, ಹೊಸ ಸೆಟ್ಟಿಂಗ್ ಬರೆಯುವುದಿದ್ದರೆ ಮಾತ್ರ ತಂತಿಯದ್ದೇ ಇರಲಿ. ನಡುವೆ ಸಂಪರ್ಕ ಕಡಿದರೆ ಮಾಡ್ಯೂಲ್ ಅರೆಬರೆ ಬರಹದಲ್ಲೇ ನಿಂತೀತು. ಎಂಜಿನ್ ಆಫ್ ಇಟ್ಟು ಇಗ್ನಿಷನ್ ಆನ್ ಮಾಡಿ ಕೂರುವ ಕೆಲಸವಾದ್ದರಿಂದ, ಬ್ಯಾಟರಿಗೆ ಚಾರ್ಜರ್ ಹಚ್ಚಿಯೇ ಶುರು ಮಾಡಬೇಕು.